ಒಣಗಿದ ಹಾಸು, ಒಣಗಿದ ಮೈ: ಮಲೆನಾಡಿನ ಮಳೆಯಲ್ಲಿ ಗಿನಿ ಪಿಗ್ ಆರೈಕೆ

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಹೊಸನಗರದ ಕಡೆ ಮನೆಯೊಳಗಿನ ಒಂದು ಸಾಮಾನೂ ಒಣಗಿರುವುದಿಲ್ಲ. ಉಪ್ಪಿನ ಜಾಡಿಯಲ್ಲಿ ನೀರು, ಕಪಾಟಿನ ಬಟ್ಟೆಗೆ ಬೂಷ್ಟು, ನಾಲ್ಕು ದಿನ ಹಗ್ಗದ ಮೇಲಿದ್ದ ಪಂಚೆ ಮುಟ್ಟಿದರೆ ಇನ್ನೂ ತಣ್ಣಗೆ. ಈ ಮನೆಯ ಜಗಲಿಯ ಮೂಲೆಯಲ್ಲಿ ಎರಡು ಗಿನಿ ಪಿಗ್‌ಗಳಿವೆ. ತಂದ ಮೊದಲ ಮಳೆಗಾಲದಲ್ಲೇ ಒಂದರ ಮೂಗಿನ ಮೇಲೆ ಕೂದಲುದುರಿ, ಹೊಟ್ಟು ಎದ್ದು ಬೋಳಾಯಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಮಗಳ ಮುಂಗೈ ಮೇಲೆ ದುಂಡನೆಯ ಕೆಂಪು ಉಂಗುರ. ಹುಳುಕಡ್ಡಿ. ಪ್ರಾಣಿಯಿಂದ ಮಗುವಿಗೆ ಹತ್ತಿತ್ತು.

ನಾವು ಅವನ್ನು ಗಲೀಜಾಗಿ ಇಟ್ಟಿರಲಿಲ್ಲ. "ಎಂತ ಮಾರಾಯ್ತಿ, ಮನೆಯೊಳಗೆ ಇಟ್ಕಂಡ ಮೇಲೆ ವಾರಕ್ಕೊಂದು ಸಲನಾದ್ರೂ ಮೀಯ್ಸದು ಬೇಡ್ವಾ?" ಎಂದು ಅತ್ತೆ ಕೇಳಿದ್ದರು. ನನಗೂ ಹೌದೆನಿಸಿತ್ತು. ಪ್ರತಿ ಭಾನುವಾರ ಬಚ್ಚಲಿನ ಹಂಡೆಯ ಬಿಸಿನೀರು, ಸೋಪು, ಆಮೇಲೆ ಟವೆಲ್ಲಿನಲ್ಲಿ ಒರೆಸಿ ಗೂಡಿಗೆ ಬಿಡುವುದು. ತೊಂದರೆ ಶುರುವಾದದ್ದೇ ಅಲ್ಲಿಂದ. ಸ್ನಾನದ ಮನೆಯೇ ಶುಚಿಯ ಮೂಲ ಎಂದು ನಂಬಿ ಬೆಳೆದವರು ನಾವು. ಗಿನಿ ಪಿಗ್ ವಿಷಯದಲ್ಲಿ ಶುಚಿ ಎಂದರೆ ನೀರಲ್ಲ, ಒಣಗಿರುವುದು. ಮಲೆನಾಡಿನಲ್ಲಿ ಸಾಕುವವರಿಗೆ ನಾನು ಹೇಳಬೇಕಾದ್ದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಅದರ ತುಪ್ಪಳವನ್ನು ಬೆರಳಿನಿಂದ ಹಿಂದಕ್ಕೆ ಸರಿಸಿ ನೋಡಿ. ಮೇಲೆ ಒರಟು ಕೂದಲು, ಬುಡದಲ್ಲಿ ಹತ್ತಿಯಂಥ ನವಿರು ಕೂದಲು. ಚರ್ಮದಿಂದ ಒಸರುವ ತೆಳು ಜಿಡ್ಡು ಈ ಎರಡಕ್ಕೂ ಹರಡಿಕೊಂಡು ಚರ್ಮವನ್ನು ಕಾಯುತ್ತದೆ. ಸೋಪು ಹಾಕಿದರೆ ಆ ಜಿಡ್ಡು ಹೋಗುತ್ತದೆ. ಚರ್ಮ ಬಿರುಕು ಬಿಟ್ಟು ಹೊಟ್ಟೇಳುತ್ತದೆ. ಟವೆಲ್ಲಿನಿಂದ ಒರೆಸಿದಾಗ ಮೇಲಿನ ಕೂದಲು ಒಣಗಿದಂತೆ ಕಂಡರೂ ಬುಡದ ಕೂದಲು ಗಂಟೆಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಗಾಳಿಯೇ ಒದ್ದೆಯಾಗಿರುವ ಜುಲೈ ತಿಂಗಳಲ್ಲಿ ಕೇಳುವುದೇ ಬೇಡ. ಬೆಚ್ಚಗಿನ ಮೈ, ಬಿರುಕು ಬಿಟ್ಟ ಚರ್ಮ, ಆರದ ಪಸೆ: ಶಿಲೀಂಧ್ರಕ್ಕೆ ಇದಕ್ಕಿಂತ ಹದವಾದ ಜಾಗ ಬೇಕಿಲ್ಲ. ಹುಳುಕಡ್ಡಿಗೆ ಹೆಸರಲ್ಲಿ ಹುಳುವಿದ್ದರೂ ಅದು ಹುಳುವಿನಿಂದ ಬರುವ ರೋಗವಲ್ಲ. ಗಿನಿ ಪಿಗ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಟ್ರೈಕೋಫೈಟಾನ್ ಮೆಂಟಗ್ರೊಫೈಟಿಸ್ ಎಂಬ ಶಿಲೀಂಧ್ರ. ಮೂಗು, ಕಣ್ಣಿನ ಸುತ್ತ, ಕಿವಿಯ ಅಂಚಿನಿಂದ ಶುರುವಾಗಿ ಬೆನ್ನಿಗೆ ಹಬ್ಬುತ್ತದೆ. ಯಾವ ಲಕ್ಷಣವೂ ಇಲ್ಲದೆ ಅದನ್ನು ಮೈಮೇಲೆ ಹೊತ್ತಿರುವ ಪ್ರಾಣಿಗಳೂ ಇವೆ. ಅವುಗಳ ಮೈ ಸೋತಾಗ, ಹಾಸು ಒದ್ದೆಯಾದಾಗ ರೋಗ ಏಳುತ್ತದೆ.

ಮನೆಯವರಿಗೆ ಹತ್ತಿದಾಗ ಒಂದು ಎಚ್ಚರ ಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಸಿಗುವ ಮಿಶ್ರ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡು ದಿನದಲ್ಲಿ ತುರಿಕೆ ನಿಂತಂತಾಗಿ, ಆಮೇಲೆ ಹುಳುಕಡ್ಡಿ ಇನ್ನಷ್ಟು ಅಗಲವಾಗಿ ಹರಡುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ, ಪ್ರಾಣಿಯಿಂದ ಬಂದದ್ದು ಎಂದು ಹೇಳಿಯೇ ಔಷಧ ತರಬೇಕು.

ಹಾಗಾದರೆ ಅದು ಸ್ವಚ್ಛವಾಗಿರುವುದು ಹೇಗೆ? ತನ್ನ ಮೈಯನ್ನು ತಾನೇ ನೋಡಿಕೊಳ್ಳುತ್ತದೆ. ಹೊಸದಾಗಿ ಸಾಕಿದವರು ಗಾಬರಿಯಾಗುವ ಒಂದು ಸಂಗತಿಯಿದೆ: ಗಿನಿ ಪಿಗ್‌ನ ಕಣ್ಣಿನಿಂದ ಆಗಾಗ ಹಾಲಿನಂಥ ಬಿಳಿ ದ್ರವ ಬರುತ್ತದೆ. ಅದು ಕೀವಲ್ಲ. ಕಣ್ಣಿನ ಮೂಲೆಯಲ್ಲಿ ಕ್ಷಣಮಾತ್ರ ತುಂಬಿದ ಆ ದ್ರವವನ್ನು ಅದು ಮುಂಗಾಲುಗಳಿಂದ ಬಾಚಿಕೊಂಡು ಮುಖ ತೊಳೆದುಕೊಳ್ಳುತ್ತದೆ. ಎರಡು ನಿಮಿಷದಲ್ಲಿ ಕಣ್ಣು ಮೊದಲಿನಂತೆ ಹೊಳೆಯುತ್ತಿದ್ದರೆ ಯೋಚನೆ ಬೇಡ. ಕಣ್ಣಂಚಿನಲ್ಲಿ ಹಳದಿ ಪಿಚ್ಚು ಒಣಗಿ ಅಂಟಿದ್ದರೆ, ರೆಪ್ಪೆ ಮುಚ್ಚಿಯೇ ಇದ್ದರೆ, ಕಣ್ಣಿನ ಮೇಲೆ ನೀಲಿಬಿಳಿ ಮಸಕು ಕಂಡರೆ ಅದು ಬೇರೆ ಕಥೆ. ಒಣಹುಲ್ಲಿನ ಕಡ್ಡಿ ಚುಚ್ಚಿರುವುದೂ ಉಂಟು. ಅಂದೇ ತೋರಿಸಬೇಕು.

ಸ್ನಾನ ಬೇಕೇ ಬೇಕಾದ ಸಂದರ್ಭಗಳು ಕಡಿಮೆ. ಭೇದಿಯಾಗಿ ಹಿಂಭಾಗಕ್ಕೆ ಮೆತ್ತಿಕೊಂಡಾಗ, ಮುದಿಯಾಗಿ ತನ್ನ ಮೈ ತಾನೇ ನೆಕ್ಕಿಕೊಳ್ಳಲಾಗದಾಗ, ವೈದ್ಯರು ಔಷಧದ ಶಾಂಪೂ ಬರೆದುಕೊಟ್ಟಾಗ. ಆಗಲೂ ಸಾಮಾನ್ಯವಾಗಿ ಸೊಂಟದಿಂದ ಕೆಳಗೆ ತೊಳೆದರೆ ಸಾಕು. ಬೇಸಿನ್ನಿನ ತಳಕ್ಕೆ ಟವೆಲ್ ಹಾಸಿ, ಎರಡು ಅಂಗುಲ ಉಗುರುಬೆಚ್ಚಗಿನ ನೀರು ಹಾಕಿ, ತಲೆಗೆ ಹನಿಯೂ ಬೀಳದಂತೆ ಕೈಯಿಂದ ನೀರು ಎತ್ತಿ ತೊಳೆಯಿರಿ. ನಮ್ಮ ಶಾಂಪೂ ಬೇಡ. ಸೀಗೆಪುಡಿ, ಅಂಟುವಾಳ ಇನ್ನೂ ಬೇಡ, ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಆಮೇಲೆ ಅದನ್ನೇ ನೆಕ್ಕುತ್ತದೆ. ತೊಳೆದ ಮೇಲಿನ ಕೆಲಸವೇ ದೊಡ್ಡದು: ಎರಡು ಒಣ ಟವೆಲ್ ಬದಲಾಯಿಸಿ ಒತ್ತಿ, ಹೇರ್ ಡ್ರೈಯರನ್ನು ಕಡಿಮೆ ಶಾಖದಲ್ಲಿ ಒಂದು ಮೊಳ ದೂರ ಹಿಡಿದು, ಕೂದಲ ಬುಡ ಬೆರಳಿಗೆ ಒಣಗಿದೆ ಅನಿಸುವವರೆಗೆ ಬಿಡಬಾರದು. ಮಳೆಗಾಲದಲ್ಲಿ ಕರೆಂಟು ಇಲ್ಲದ ದಿನ ಸ್ನಾನದ ಯೋಚನೆಯನ್ನೇ ಮಾಡಬೇಡಿ. ಚಳಿ ಹಿಡಿದ ಗಿನಿ ಪಿಗ್‌ಗೆ ಉಸಿರಿನ ಸೋಂಕು ಬೇಗ ತಗಲುತ್ತದೆ, ಮತ್ತು ಅದು ಕೈಮೀರುವುದೂ ಬೇಗ.

ಇನ್ನು ಹಾಸು. ಇದನ್ನು ಸರಿಮಾಡಿಕೊಂಡರೆ ಮುಕ್ಕಾಲು ಭಾಗ ಆರೈಕೆ ಮುಗಿದಂತೆ ಎಂದೇ ನಾನು ಹೇಳುವುದು. 700 ಗ್ರಾಂನಿಂದ 1200 ಗ್ರಾಂ ತೂಗುವ ಈ ಪ್ರಾಣಿ ದಿನವಿಡೀ ತಿನ್ನುತ್ತದೆ, ದಿನವಿಡೀ ಹಿಕ್ಕೆ ಹಾಕುತ್ತದೆ. ಒಣ ಹಿಕ್ಕೆಯಿಂದ ಅಷ್ಟೇನೂ ಕೇಡಿಲ್ಲ, ಗುಡಿಸಿದರೆ ಹೋಯಿತು. ಕೇಡು ಮೂತ್ರದಿಂದ. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯ ಮಾಡುತ್ತವೆ. ಅದು ಗಂಟಲು, ಶ್ವಾಸನಾಳದ ಒಳಪದರವನ್ನು ಸುಟ್ಟು ನ್ಯುಮೋನಿಯಕ್ಕೆ ದಾರಿ ಮಾಡುತ್ತದೆ. ನಿಂತು ನೋಡುವ ನಮಗೆ ವಾಸನೆ ಬಾರದಿರಬಹುದು, ಆದರೆ ಅದರ ಮೂಗು ಇರುವುದು ಹಾಸಿನಿಂದ ಒಂದೆರಡು ಅಂಗುಲ ಮೇಲೆ. ದಿನಕ್ಕೊಮ್ಮೆ ನೀವೇ ಬಗ್ಗಿ, ಗೂಡಿನ ಮೂಲೆಗೆ ಮೂಗು ಹಿಡಿದು ನೋಡಿ. ಕಣ್ಣಿಗೆ ಚುರುಕ್ ಎಂದರೆ ಹಾಸು ಬದಲಾಯಿಸುವ ಹೊತ್ತು ಆಗಲೇ ಮೀರಿದೆ.

ಜಾಗವೂ ಬೇಕು. ಎರಡು ಪ್ರಾಣಿಗೆ ಕನಿಷ್ಠ 7.5 ಚದರ ಅಡಿಯ ಗಟ್ಟಿ ನೆಲ. ಕೋಳಿಗೂಡಿನ ತಂತಿಬಲೆಯ ನೆಲ ಕೂಡದು, ಕಾರಣ ಮುಂದೆ ಹೇಳುತ್ತೇನೆ. ಸಾ ಮಿಲ್ಲಿನ ಮರದ ಹೊಟ್ಟು ನಮ್ಮಲ್ಲಿ ಸುಲಭಕ್ಕೆ ಸಿಗುತ್ತದೆ, ಆದರೆ ನುಣ್ಣನೆಯ ಪುಡಿ ಮೂಗಿಗೆ ಹೋಗುತ್ತದೆ. ಯಾವ ಮರದ್ದು, ಯಾವ ಔಷಧ ಬಳಿದ ಹಲಗೆಯದ್ದು ಎಂದು ಯಾರಿಗೂ ತಿಳಿದಿರುವುದಿಲ್ಲ. ಭತ್ತದ ಉಮಿಯೂ ಅಷ್ಟೆ: ಧೂಳು, ಚುಚ್ಚು ತುದಿ. ನಾವು ಈಗ ಬಳಸುವುದು ಅಡಿಯಲ್ಲಿ ದಪ್ಪಗೆ ಹಳೆಯ ಪತ್ರಿಕೆ, ಅದರ ಮೇಲೆ ಹಳೆಯ ಹತ್ತಿ ಕಂಬಳಿಯ ತುಂಡು, ಎಲ್ಲಕ್ಕಿಂತ ಮೇಲೆ ಫ್ಲೀಸ್ ಬಟ್ಟೆ. ಫ್ಲೀಸ್ ತಾನು ನೀರು ಹೀರದೆ ಕೆಳಗಿನ ಪದರಕ್ಕೆ ಇಳಿಸುತ್ತದೆ, ಹಾಗಾಗಿ ಪ್ರಾಣಿ ಕೂರುವ ಮೇಲ್ಮೈ ಒಣಗಿರುತ್ತದೆ. ಹೊಸ ಬಟ್ಟೆಯನ್ನು ಎರಡು ಮೂರು ಸಲ ತೊಳೆದ ಮೇಲೇ ಈ ಗುಣ ಬರುವುದು. ಬಟ್ಟೆ ಮೆದುವಾಗಿಸುವ ದ್ರವ ಹಾಕಿದರೆ ಎಳೆಗಳಿಗೆ ಪೊರೆ ಕಟ್ಟಿ ಮೂತ್ರ ಮೇಲೆಯೇ ನಿಲ್ಲುತ್ತದೆ.

ಪೇಟೆಯವರ ಸಲಹೆಗಳಲ್ಲಿ ಇಲ್ಲದ ಪ್ರಶ್ನೆ ನಮ್ಮದು: ತೊಳೆದ ಬಟ್ಟೆ ಒಣಗಿಸುವುದೆಲ್ಲಿ? ಹೊಡ್ತಲಿನ ಬೆಂಕಿಯ ಮೇಲೆ, ಬಚ್ಚಲ ಒಲೆಯ ಪಕ್ಕ ಹರವಿದರೆ ಹೊಗೆ ಕುಡಿಯುತ್ತದೆ. ಆ ಬಟ್ಟೆಯ ಮೇಲೆ ರಾತ್ರಿಯಿಡೀ ಮಲಗುವ ಸಣ್ಣ ಶ್ವಾಸಕೋಶಕ್ಕೆ ಅದು ಒಳ್ಳೆಯದಲ್ಲ. ನಾನು ಕಂಡುಕೊಂಡದ್ದು ಇಷ್ಟು. ಮಳೆಗಾಲಕ್ಕೆ ಮೂರು ಜೊತೆ ಹಾಸು ಇಟ್ಟುಕೊಳ್ಳುವುದು, ಹಗ್ಗದ ಮೇಲೆ ಆದಷ್ಟು ಆರಿದ ಹತ್ತಿ ಕಂಬಳಿಗೆ ಬಿಸಿ ಇಸ್ತ್ರಿ ಹಾಕುವುದು, ಫ್ಲೀಸಿಗೆ ಮೇಲೊಂದು ತೆಳು ಬಟ್ಟೆ ಹಾಸಿ ಕಡಿಮೆ ಶಾಖದಲ್ಲಿ ಎಳೆಯುವುದು. ಉಳಿದ ತಿಂಗಳಲ್ಲಿ ವಾರಕ್ಕೊಮ್ಮೆ ಪೂರ್ತಿ ಬದಲಾಯಿಸಿದರೆ ನಡೆಯುತ್ತದೆ. ಆರಿದ್ರಾದಿಂದ ಮಖಾ ಮಳೆಯವರೆಗೆ ಮೂರು ದಿನಕ್ಕೊಮ್ಮೆ. ಒದ್ದೆ ಮೂಲೆಯ ಕಾಗದವನ್ನಂತೂ ದಿನವೂ ತೆಗೆಯಬೇಕು.

ಗೂಡಿನ ತಳದಲ್ಲಿ ಸುಣ್ಣದಂಥ ಬಿಳಿ ಕರೆ ಕಟ್ಟಿರುತ್ತದೆ. ಗಿನಿ ಪಿಗ್ ಹೆಚ್ಚಾದ ಕ್ಯಾಲ್ಸಿಯಮ್ಮನ್ನು ಮೂತ್ರದಲ್ಲಿ ಹೊರಹಾಕುತ್ತದೆ, ಅದು ಒಣಗಿದ ಗುರುತು. ವಿನೆಗರ್ ಇಲ್ಲವೇ ನಿಂಬೆರಸ ಸವರಿ ಕಾಲು ಗಂಟೆ ಬಿಟ್ಟು ಉಜ್ಜಿದರೆ ಹೋಗುತ್ತದೆ. ಫಿನೈಲ್ ಮಾತ್ರ ಗೂಡಿನ ಹತ್ತಿರ ಸುಳಿಯಬಾರದು. ಮೂತ್ರ ಕೆಂಪಗಿದ್ದರೆ, ಹೊಯ್ಯುವಾಗ ಕೀರಲು ದನಿ ತೆಗೆದರೆ, ಅದು ಸೋಂಕು ಅಥವಾ ಕಲ್ಲಿನ ಸೂಚನೆ.

ನಮ್ಮ ಕೊಟ್ಟಿಗೆಗೆ ಹಾಸುವ ದರಗಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕಾಡಿನಿಂದ ಗುಡಿಸಿ ತಂದ ಒಣ ಎಲೆ ಮೆತ್ತಗೆ, ಬೆಚ್ಚಗೆ, ದುಡ್ಡಿಲ್ಲದೆ ಸಿಗುವ ಹಾಸು ಎಂದು ಅದನ್ನೇ ಗೂಡಿಗೆ ಹಾಕಿದವರನ್ನು ಕಂಡಿದ್ದೇನೆ. ಅದರ ಜೊತೆ ಉಣುಗು ಬರುತ್ತದೆ. ಉಣುಗಿನಿಂದ ಹರಡುವ ಮಂಗನಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಳೆ ಮುಗಿದು ಚಳಿ ಶುರುವಾದಾಗಿನಿಂದ ಬೇಸಿಗೆಯವರೆಗೆ ಕಾಡಿನ ನೆಲದಲ್ಲಿ ಉಣುಗಿನ ಮರಿಗಳು ಹೆಚ್ಚು. ಮಕ್ಕಳು ಎತ್ತಿ ಮಡಿಲಲ್ಲಿ ಕೂರಿಸಿಕೊಳ್ಳುವ ಪ್ರಾಣಿಯ ಗೂಡಿಗೆ ದರಗು ಹಾಕುವುದು ಎಂದರೆ ಉಣುಗನ್ನು ಮಕ್ಕಳ ಮಡಿಲಿಗೆ ತಂದಂತೆ. ಯಾವ ತಿಂಗಳಲ್ಲೂ ಬೇಡ.

ಹುಲ್ಲಿಗೂ ಶುಚಿಗೂ ಏನು ಸಂಬಂಧ ಎಂದು ಕೇಳುತ್ತಾರೆ. ಗಿನಿ ಪಿಗ್‌ಗೆ ಹುಲ್ಲೇ ಊಟ, ಹುಲ್ಲೇ ಹಾಸಿಗೆ, ಹುಲ್ಲೇ ಹಲ್ಲುಜ್ಜುವ ಕಡ್ಡಿ. ಅದರ 20 ಹಲ್ಲುಗಳೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ನಾರಿನ ಹುಲ್ಲನ್ನು ಗಂಟೆಗಟ್ಟಲೆ ಅಗಿದರಷ್ಟೇ ಸವೆಯುತ್ತವೆ. ಗದ್ದ ಸದಾ ಒದ್ದೆಯಾಗಿದ್ದರೆ ಅದು ಕೊಳೆಯೆಂದು ಒರೆಸಿ ಸುಮ್ಮನಾಗಬೇಡಿ, ದವಡೆ ಹಲ್ಲು ಬೆಳೆದು ನಾಲಿಗೆಗೆ ಒತ್ತುತ್ತಿರುವಾಗ ಜೊಲ್ಲು ಸುರಿಯುತ್ತದೆ. ಮನೆಯಲ್ಲಿ ಹಲ್ಲು ಕತ್ತರಿಸುವ ಸಾಹಸ ಬೇಡ, ಹಲ್ಲು ಸೀಳುತ್ತದೆ.

ಒಣಹುಲ್ಲನ್ನು ಮೇ ತಿಂಗಳೊಳಗೆ ಒಣಗಿಸಿ, ಗೋಣಿಚೀಲದಲ್ಲಿ ತುಂಬಿ, ಗೋಡೆಗೆ ತಾಗದಂತೆ ಅಟ್ಟದ ಹಲಗೆಯ ಮೇಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಒಳಗಿನ ಪಸೆಯೇ ಬೂಷ್ಟಾಗುತ್ತದೆ. ಕೊಡುವ ಮುಂಚೆ ಒಂದು ಹಿಡಿ ತೆಗೆದು ಕೊಡವಿ. ಬೂದುಪುಡಿ ಹಾರಿದರೆ, ಹಳೇ ಪುಸ್ತಕದ ವಾಸನೆ ಬಂದರೆ ತಿಪ್ಪೆಗೆ ಹಾಕಿ. ಭತ್ತದ ಹುಲ್ಲಿಗಿಂತ ಬೆಟ್ಟದ ಕರಡ ಮೆದು. ಹಸಿ ಹುಲ್ಲು ತೋಟದಿಂದ ಕೊಯ್ಯುವವರಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆಂದು ಅಡಿಕೆಗೆ ಬೋರ್ಡೋ ಹೊಡೆಯುತ್ತೇವಲ್ಲ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಅದು ಗೊನೆಯಿಂದ ಸೋರಿ ಕೆಳಗಿನ ಹುಲ್ಲಿನ ಮೇಲೆಯೇ ಬೀಳುವುದು. ತಾಮ್ರ ಈ ಪುಟ್ಟ ಹೊಟ್ಟೆಗೆ ವಿಷ. ಔಷಧಿ ಹೊಡೆದ ತೋಟದ ಹುಲ್ಲು ಆ ಮಳೆಗಾಲ ಪೂರ್ತಿ ಬೇಡ, ಅಂಗಳದಂಚಿನ ಗರಿಕೆ ಸಾಕು. ಅದನ್ನೂ ತೊಳೆದು, ಉಂಬಳ (ಜಿಗಣೆ) ಇದೆಯೇ ನೋಡಿ, ಮೊರದಲ್ಲಿ ಹರವಿ ನೀರಾರಿಸಿ ಕೊಡಿ. ರಾಶಿ ಹಾಕಿಟ್ಟ ಒದ್ದೆ ಹುಲ್ಲು ಒಳಗೇ ಬಿಸಿಯೇರಿ ಹುಳಿಯುತ್ತದೆ, ತಿಂದರೆ ಹೊಟ್ಟೆ ಉಬ್ಬರಿಸುತ್ತದೆ.

ಉಗುರಿನ ವಿಷಯಕ್ಕೆ ಬರೋಣ. ಮುಂಗಾಲಿಗೆ ನಾಲ್ಕು ನಾಲ್ಕು, ಹಿಂಗಾಲಿಗೆ ಮೂರು ಮೂರು, ಒಟ್ಟು 14. ಕಲ್ಲುನೆಲದಲ್ಲಿ ಓಡಾಡುವ ಕಾಡಿನ ಬಂಧುಗಳಿಗೆ ಉಗುರು ತಾನೇ ಸವೆಯುತ್ತದೆ, ಮೆತ್ತನೆ ಹಾಸಿನ ಮೇಲಿರುವುದಕ್ಕೆ ಸವೆಯುವುದಿಲ್ಲ. ಉದ್ದವಾದ ಉಗುರು ಸುರುಳಿ ಸುತ್ತಿ, ಬೆರಳು ಪಕ್ಕಕ್ಕೆ ತಿರುಗಿ, ಭಾರವೆಲ್ಲ ಹಿಮ್ಮಡಿಗೆ ಬೀಳುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ತುದಿ ಕತ್ತರಿಸಬೇಕು. ಮೊದಲ ಸಲ ನಾನು ಕತ್ತರಿಸುವಾಗ ಕೈ ನಡುಗಿ ರಕ್ತ ಬಂದಿತ್ತು. ಆ ಪ್ರಾಣಿ ಕಿರುಚಿದ ದನಿ ಈಗಲೂ ನೆನಪಿದೆ. ಆಮೇಲೆ ಕಲಿತದ್ದನ್ನು ಹೇಳುತ್ತೇನೆ.

ಒಬ್ಬರು ಹಿಡಿದುಕೊಳ್ಳಲಿ, ಒಬ್ಬರು ಕತ್ತರಿಸಲಿ. ಹಿಡಿಯುವವರ ಒಂದು ಕೈ ಎದೆಯ ಅಡಿಗೆ, ಇನ್ನೊಂದು ಕೈ ಹಿಂಭಾಗದ ಅಡಿಗೆ. ಕೆಳಗೆ ಆಸರೆಯಿಲ್ಲದೆ ಜೋತುಬಿಟ್ಟರೆ ಅದು ಒದರಾಡಿ ಬೆನ್ನುಹುರಿಗೆ ಪೆಟ್ಟಾಗಬಹುದು. ನೆಲದ ಮೇಲೆ ಕೂತೇ ಮಾಡಿ, ಹಾರಿದರೂ ಬೀಳುವ ಎತ್ತರವಿರುವುದಿಲ್ಲ. ಬಿಳಿ ಉಗುರಿನಲ್ಲಿ ಒಳಗಿನ ಕೆಂಪು ಎಳೆ ಬರಿಗಣ್ಣಿಗೇ ಕಾಣುತ್ತದೆ. ರಕ್ತನಾಳ, ನರ ಎರಡೂ ಅಲ್ಲಿಯವರೆಗೆ ಇವೆ. ಅದಕ್ಕಿಂತ ಎಳ್ಳಷ್ಟು ಮುಂದೆ ಕತ್ತರಿಸಿ. ಕಪ್ಪು ಉಗುರಿಗೆ ಕೆಳಗಿನಿಂದ ಮೊಬೈಲ್ ಟಾರ್ಚ್ ಹಿಡಿದರೆ ಎಳೆಯ ನೆರಳು ತಿಳಿಯುತ್ತದೆ, ತಿಳಿಯದಿದ್ದರೆ ಚೂಪು ತುದಿಯಷ್ಟನ್ನೇ ತೆಗೆಯಿರಿ. ರಕ್ತ ಬಂದರೆ ಕಾರ್ನ್‌ಫ್ಲೋರ್ ಚಿಟಿಕೆ ಒತ್ತಿ ಎರಡು ನಿಮಿಷ ಹಿಡಿಯಿರಿ. ಒಂದೇ ದಿನ ಹದಿನಾಲ್ಕೂ ಮುಗಿಯಬೇಕೆಂದಿಲ್ಲ, ಇವತ್ತು ಎರಡು ಕಾಲು, ನಾಳೆ ಎರಡು.

ಕಾಲು ಕೈಯಲ್ಲಿರುವಾಗಲೇ ಅಂಗಾಲು ನೋಡಿ. ಅಲ್ಲಿ ಕೂದಲಿಲ್ಲ, ಬರೀ ಚರ್ಮ. ತಂತಿನೆಲ, ಒದ್ದೆ ಹಾಸು, ಅತಿ ತೂಕ, ಉದ್ದ ಉಗುರು ಇವುಗಳಲ್ಲಿ ಯಾವುದಿದ್ದರೂ ಚರ್ಮ ಕೆಂಪಾಗಿ, ದಪ್ಪವಾಗಿ, ಬಿರಿದು, ಸ್ಟೆಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಒಳಹೊಕ್ಕು ಹುಣ್ಣಾಗುತ್ತದೆ. ಮೂಳೆಗೆ ಇಳಿದರೆ ವಾಸಿ ಮಾಡುವುದು ಬಹಳ ಕಷ್ಟ. ಕೆಂಪಾಗಿದ್ದಾಗಲೇ ಹಾಸು ಸರಿಮಾಡಿದರೆ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ.

ಬಾಲವಿಲ್ಲದ ಈ ಪ್ರಾಣಿಗೆ ಬಾಲ ಇರಬೇಕಾದ ಜಾಗದಲ್ಲಿ ಒಂದು ಜಿಡ್ಡಿನ ಗ್ರಂಥಿಯಿದೆ. ಗಂಡಿಗೆ ಇದು ಹೆಚ್ಚು ಒಸರಿ, ಕೂದಲು ಅಂಟು ಅಂಟಾಗಿ ಕರ್ರಗಾಗುತ್ತದೆ. ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ, ಐದು ನಿಮಿಷ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆ ಒತ್ತಿ. ತಿಂಗಳಿಗೊಮ್ಮೆ ಸಾಕು. ವಯಸ್ಸಾದ ಗಂಡುಗಳಿಗೆ ಗುದದ ಚೀಲದ ಸ್ನಾಯು ಸಡಿಲವಾಗಿ ಹಿಕ್ಕೆ ಒಳಗೇ ಗಂಟುಕಟ್ಟಿಕೊಳ್ಳುವುದುಂಟು. ಎಣ್ಣೆ ಹಚ್ಚಿದ ಹತ್ತಿಕಡ್ಡಿಯಿಂದ ಮೆಲ್ಲಗೆ ಸಡಿಲಿಸಿ ತೆಗೆಯಬೇಕು. ಮೊದಲ ಸಲ ವೈದ್ಯರ ಕೈಯಲ್ಲಿ ನೋಡಿ ಕಲಿಯಿರಿ. ಆಮೇಲೆ ದಿನವೂ ನೀವೇ ಮಾಡಬೇಕಾಗಿ ಬರಬಹುದು.

ಬಾಚುವುದು ತಳಿಯ ಮೇಲೆ. ಗಿಡ್ಡ ಕೂದಲಿನವಕ್ಕೆ ವಾರಕ್ಕೊಮ್ಮೆ ಮೆದು ಬ್ರಷ್. ಪೆರುವಿಯನ್, ಶೆಲ್ಟಿಯಂಥ ನೀಳ ಕೂದಲಿನವಕ್ಕೆ ದಿನವೂ, ಮತ್ತು ಮಳೆಗಾಲ ಹತ್ತಿರವಾದಾಗ ಹಿಂಭಾಗದ ಕೂದಲನ್ನು ನೆಲಕ್ಕೆ ತಾಗದಂತೆ ಕತ್ತರಿಸಲೇಬೇಕು. ಚೆಂದಕ್ಕಾಗಿ ಬಿಟ್ಟ ಕೂದಲು ಮೂತ್ರದಲ್ಲಿ ನೆನೆದು, ನೊಣ ಕೂತು ಮೊಟ್ಟೆಯಿಟ್ಟರೆ ದನದ ಗಾಯಕ್ಕೆ ಹುಳವಾಗುವಂತೆ ಇದಕ್ಕೂ ಆಗುತ್ತದೆ. ಇಷ್ಟು ಪುಟ್ಟ ಮೈಗೆ ಒಂದೆರಡು ದಿನದಲ್ಲೇ ಜೀವಕ್ಕೆ ಸಂಚಕಾರ.

ಬಾಚುವಾಗ ಹೇನು ಸಿಗಬಹುದು, ಕೂದಲಿನ ನಡುವೆ ಓಡಾಡುವ ಬಿಳಿ ಕಡ್ಡಿಯಂಥವು. ನುಸಿ ಕಣ್ಣಿಗೆ ಕಾಣದು. ಟ್ರಿಕ್ಸಾಕಾರಸ್ ಎಂಬ ನುಸಿ ಚರ್ಮದೊಳಗೆ ಕೊರೆದಾಗ ತುರಿಕೆ ಎಷ್ಟಿರುತ್ತದೆಂದರೆ ಮುಟ್ಟಿದರೇ ಪ್ರಾಣಿ ಒದ್ದಾಡಿ ಫಿಟ್ಸ್ ಬಂದಂತೆ ಬೀಳುತ್ತದೆ. ಇಲ್ಲಿ ಹಳ್ಳಿಮನೆಯವರು ಮಾಡುವ ತಪ್ಪನ್ನು ತಡೆಯಬೇಕೆಂದೇ ಇಷ್ಟು ಬರೆಯುತ್ತಿದ್ದೇನೆ. ದನಕ್ಕೆ ತಂದ ಐವರ್‌ಮೆಕ್ಟಿನ್ ಮನೆಯಲ್ಲಿರುತ್ತದೆ, ಅದೇ ಔಷಧ ಇದಕ್ಕೂ ಆಗುತ್ತದೆ ಎಂದು ಕೇಳಿರುತ್ತಾರೆ. ಔಷಧ ಅದೇ ಇರಬಹುದು. ಆದರೆ ದನದ ಚುಚ್ಚುಮದ್ದಿನ 1 ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಇದೆ, 50 ಕಿಲೋ ತೂಕಕ್ಕೆ ಒಂದು ಮಿಲಿಲೀಟರ್ ಲೆಕ್ಕ. ಒಂದು ಕಿಲೋ ಪ್ರಾಣಿಗೆ ಅದೇ ಲೆಕ್ಕ ಹಿಡಿದರೂ ಮಿಲಿಲೀಟರಿನ ಐವತ್ತನೇ ಒಂದು ಪಾಲು. ಅದನ್ನು ಮನೆಯ ಸಿರಿಂಜಿನಲ್ಲಿ ಅಳೆಯಲಾಗದು, ಒಂದು ಹನಿ ಹೆಚ್ಚಾದರೂ ಎಷ್ಟೋ ಪಟ್ಟು ಹೆಚ್ಚಾದಂತೆ. ವೈದ್ಯರು ತೂಕ ನೋಡಿ, ತೆಳು ಮಾಡಿ ಕೊಡುತ್ತಾರೆ, ಮೊಟ್ಟೆಗಳು ಮೊದಲ ಡೋಸಿಗೆ ಸಾಯದ ಕಾರಣ ಮತ್ತೆ ಕರೆಯುತ್ತಾರೆ. ಎರಡನೇ ಸಲ ತಪ್ಪಿಸಬೇಡಿ. ಹಾಗೆಯೇ ಮನುಷ್ಯರಿಗೆ ಕೊಟ್ಟ ಅಮಾಕ್ಸಿಸಿಲಿನ್ ಉಳಿದಿದೆಯೆಂದು ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಜೀವಾಣುಗಳು ಸತ್ತು, ಭೇದಿಯಾಗಿ, ಪ್ರಾಣಿಯೇ ಹೋಗುತ್ತದೆ.

ಚರ್ಮ ಒರಟಾಗುವುದಕ್ಕೆ ಒಳಗಿನ ಕಾರಣವೂ ಒಂದಿದೆ. ನಮ್ಮ ಹಾಗೆಯೇ ಗಿನಿ ಪಿಗ್‌ಗೂ ವಿಟಮಿನ್ ಸಿ ಮೈಯಲ್ಲಿ ತಯಾರಾಗುವುದಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್, ಬರೀ ಧಾನ್ಯ ತಿಂದ ಗಿನಿ ಪಿಗ್‌ಗಳಿಗೆ ಸ್ಕರ್ವಿ ಬಂದದ್ದನ್ನು ತೋರಿಸಿದ್ದರು. ಕೊರತೆಯಾದರೆ ತುಪ್ಪಳ ಸೊರಗುತ್ತದೆ, ಕೀಲು ನೋಯುತ್ತದೆ, ಗಾಯ ಮಾಯುವುದಿಲ್ಲ. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ದೊಣ್ಣೆಮೆಣಸಿನ ಒಂದು ಹೋಳು, ಹಿತ್ತಲಿನ ಪೇರಲೆಯ ಸಣ್ಣ ತುಂಡು ಇಷ್ಟರಲ್ಲಿ ಆಗುತ್ತದೆ. ನೀರಿಗೆ ಬೆರೆಸುವ ಹನಿಗಳನ್ನು ನಂಬಬೇಡಿ, ನೀರಿನಲ್ಲಿ ಅದು ಬೇಗ ಕೆಡುತ್ತದೆ.

ನಮ್ಮಲ್ಲಿ ಭಾನುವಾರದ ಸ್ನಾನದ ಹೊತ್ತು ಈಗ ತೂಕದ ಹೊತ್ತಾಗಿದೆ. ಅಡುಗೆಮನೆಯ ತಕ್ಕಡಿಯ ಮೇಲೆ ಪಾತ್ರೆಯಿಟ್ಟು, ಅದರಲ್ಲಿ ಕೂರಿಸಿ, ಮಗಳು ಕ್ಯಾಲೆಂಡರಿನ ಮೇಲೆ ಗ್ರಾಂ ಬರೆಯುತ್ತಾಳೆ. ಅತ್ತೆ ಕಿವಿ ನೋಡುತ್ತಾರೆ, ನಾನು ಅಂಗಾಲು, ಹಿಂಭಾಗ. ರೋಗವನ್ನು ಕೊನೆಯವರೆಗೆ ಬಚ್ಚಿಡುವುದು ಬೇಟೆಗೆ ಸಿಗುವ ಪ್ರಾಣಿಗಳ ಸ್ವಭಾವ, ಅದಕ್ಕೇ ಗ್ರಾಂ ಲೆಕ್ಕ ಕಣ್ಣಿಗಿಂತ ಮೊದಲು ಹೇಳುತ್ತದೆ. ವಾರದಲ್ಲಿ 50 ಗ್ರಾಂ ಇಳಿದರೆ ಮೈಯೆಲ್ಲ ತಡವಿ ನೋಡುತ್ತೇವೆ, 100 ಇಳಿದರೆ ಹೊರಡುತ್ತೇವೆ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಗಾಳಿಗೆ ತೂತಿರುವ ಡಬ್ಬದಲ್ಲಿ ಒಣ ಹಾಸು, ತುಂಬ ಹುಲ್ಲು, ಬೆದರದಂತೆ ಜೊತೆಗಾರ ಪ್ರಾಣಿಯೂ ಒಟ್ಟಿಗೆ, ಒಂದು ಚೀಟಿಯಲ್ಲಿ ನಾಲ್ಕು ವಾರದ ತೂಕ, ಪೊಟ್ಟಣದಲ್ಲಿ ಬೆಳಗಿನ ಹಿಕ್ಕೆ. ಬಸ್ಸಿನಲ್ಲಿ ಡಬ್ಬವನ್ನು ಎರಚಲು ಹೊಡೆಯುವ ಕಿಟಕಿಯ ಕಡೆ ಇಡದೆ ಮಡಿಲಲ್ಲಿ ಇಟ್ಟುಕೊಂಡು, ಮೇಲೆ ಒಣ ಟವೆಲ್ ಹೊದಿಸಿಕೊಂಡು ಹೋಗಿ.